ಬಸುರಿಯ ಬಯಕೆಗೊಂದು ಕೊಲೆ

ನಾನು ಹುಟ್ಟಾ ಪುಕ್ಕಲಿ. ಮೊದಲೇ ಹೇಳಿಬಿಡುವುದು ಮೇಲು, ಯಾಕೆಂದರೆ ಮುಂದೆ ಹೇಳಲಿರುವುದರಲ್ಲಿ ನನ್ನನ್ನು ಧೈರ್ಯವಂತೆ ಅಂದುಕೊಳ್ಳುವ ಸಂದರ್ಭ ಒಂದೂ ಬರುವುದಿಲ್ಲ. ಹಗ್ಗ ಕಂಡರೆ ಹಾವು ಅನ್ನುವ ಜಾತಿ ನನ್ನದು. ಅಂಥವಳು ಕೊಲೆಯ ಕಾದಂಬರಿಯನ್ನು, ಅದೂ ಇಂಗ್ಲಿಷಿನದನ್ನು, ದಸರಾ ರಜೆಗೆ ಊರಿಗೆ ಹೊತ್ತುಕೊಂಡು ಹೋದಳು. ಹೆದರುವವರಿಗೇ ಹೆದರಿಕೆಯ ಚಟ ಜಾಸ್ತಿ. ಧೈರ್ಯಸ್ಥರಿಗೆ ಅದರ ರುಚಿಯೇ ಗೊತ್ತಿರುವುದಿಲ್ಲ, ಪಾಪ.

ಎಪ್ಪತ್ತರ ದಶಕದ ಶುರು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಮೊದಲ ವರ್ಷ ಓದುತ್ತಿದ್ದೆ. ಹೈಸ್ಕೂಲು ಮುಗಿಯುವವರೆಗೆ ಕನ್ನಡದಲ್ಲೇ ಓದಿ ಬಂದವಳಿಗೆ ಇಂಗ್ಲಿಷಿನ ಪಾಠಗಳು ಕಬ್ಬಿಣದ ಕಡಲೆ. ನನ್ನ ರೂಮಿನ ಜೊತೆಗಾತಿ ಕೊಡಗಿನವಳು. ಅವಳು ಅದೇ ಇಂಗ್ಲಿಷನ್ನು ಹುರಿಗಡಲೆಯಂತೆ ಮೆಲ್ಲುತ್ತಾ ಮಂಚದ ಮೇಲೆ ಬಿದ್ದಿರುತ್ತಿದ್ದಳು. ರಜೆಗೆ ಹೊರಡುವ ದಿನ ರಟ್ಟು ಹರಿದ ಒಂದು ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿ, "ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಇದೊಂದು ಓದು. ನಿನ್ನ ಇಂಗ್ಲಿಷ್ ತಾನಾಗಿ ದಾರಿಗೆ ಬರುತ್ತೆ. ಆದರೆ ಒಬ್ಬಳೇ ಕೂತು ಓದಬೇಡ," ಅಂದಳು.

ಒಬ್ಬಳೇ ಎಲ್ಲಿಂದ ಬಂತು, ರೈಲಿನ ತುಂಬ ಹಬ್ಬಕ್ಕೆ ಹೊರಟ ಜನ. ಕಿಟಕಿಯ ಪಕ್ಕ ಕೂತು ಶುರು ಮಾಡಿದೆ. ಹಿಮ ಬೀಳುವ ಒಂದು ಹಳ್ಳಿ. ಅಲ್ಲಿ ದೊಡ್ಡ ಮನೆ. ಮನೆಯ ಯಜಮಾನ ಹಣವಂತ ಮುದುಕ, ಎಲ್ಲರ ಮೇಲೂ ಹರಿಹಾಯುವವನು. ರೈಲು ಸಾಗರಕಟ್ಟೆಯ ಸೇತುವೆಗೆ ಬಂದು ಚಕ್ರಗಳ ಸದ್ದು ಬದಲಾಗುವ ಹೊತ್ತಿಗೆ ಆ ಮುದುಕ ತನ್ನ ಓದುವ ಕೋಣೆಯಲ್ಲಿ ಬೆನ್ನಿಗೆ ಚಾಕು ಹಾಕಿಸಿಕೊಂಡು ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದ. ಕೋಣೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಆಗಲೇ ಯಾರೋ ನನ್ನ ಭುಜ ಮುಟ್ಟಿದರು. ನಾನು ಕಿಟಾರನೆ ಕಿರುಚಿದೆ. ಕಡ್ಲೆಕಾಯಿ ಮಾರುವವನು ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಇಡೀ ಬೋಗಿ ನನ್ನ ಕಡೆ ತಿರುಗಿತು. ಕೆ.ಆರ್. ನಗರ ಬರುವವರೆಗೂ ತಲೆ ಎತ್ತಲಿಲ್ಲ. ಪುಸ್ತಕವನ್ನೂ ಬಿಡಲಿಲ್ಲ ಅನ್ನಿ.

ನಮ್ಮ ಹಳ್ಳಿ ಅಲ್ಲಿಂದ ನಾಲೆಯ ಏರಿಯ ಮೇಲೆ ಗಾಡಿಯಲ್ಲಿ ಹೋಗುವಷ್ಟು ದೂರ. ಮನೆಯಲ್ಲಿ ಅಪ್ಪ, ಅವ್ವ, ಮತ್ತು ಹೆರಿಗೆಗೆ ಬಂದಿದ್ದ ಅಕ್ಕ. ಅಕ್ಕನನ್ನು ಕೊಟ್ಟದ್ದು ಹುಣಸೂರು ದಾಟಿ ಎಚ್.ಡಿ. ಕೋಟೆ ಕಡೆಯ ಒಂದು ಊರಿಗೆ. ಇದು ಅವಳ ಎರಡನೆಯ ಬಸುರು. ಮೊದಲನೆಯದು ತವರಿಗೆ ಕರೆತರುವ ಮುಂಚೆಯೇ, ದಿನ ತುಂಬದೆ, ಗಂಡನ ಮನೆಯಲ್ಲಿ ಆಗಿಹೋಗಿತ್ತು. ಗಂಡು ಕೂಸು. ಅಳಲೇ ಇಲ್ಲ. ಅಕ್ಕನೂ ಹೋದವಳೇ, ಹೇಗೋ ಹಿಂದಿರುಗಿ ಬಂದಳು. ಅದಕ್ಕೇ ಈ ಸಲ ಬಳೆ ತೊಡಿಸುವ ಶಾಸ್ತ್ರ ಮುಗಿದದ್ದೇ ತಡ, ಅಪ್ಪ ಹೋಗಿ ಗಾಡಿಯಲ್ಲಿ ಹುಲ್ಲು ಹಾಸಿ ಕೂರಿಸಿಕೊಂಡು ಬಂದಿದ್ದ.

ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತದಿದ್ದರೂ ಅದು ಎಲ್ಲರ ಮುಖದ ಮೇಲೂ ಇತ್ತು. ಅಕ್ಕ ಕೂತಲ್ಲಿಂದ ಏಳುವಾಗ ಒಂದು ಸಲ ಉಸ್ಸೆಂದರೆ ಅವ್ವನ ಕೈಯಲ್ಲಿದ್ದ ಪಾತ್ರೆ ನಿಂತುಬಿಡುತ್ತಿತ್ತು. ಅಪ್ಪ ಗದ್ದೆಯಿಂದ ಬಂದವನು ಕಾಲು ತೊಳೆಯುವ ಮೊದಲು ಅವಳನ್ನೊಮ್ಮೆ ಇಣುಕಿ ನೋಡುತ್ತಿದ್ದ. ಅವ್ವ ಅವಳ ಮುಂದೆ ಹಾವಿನ ಹೆಸರು ಹೇಳಗೊಡುತ್ತಿರಲಿಲ್ಲ, ಯಾರಾದರೂ ತೀರಿಕೊಂಡ ಸುದ್ದಿ ತಂದರೆ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು. ಬಸುರಿ ಹೆದರಿದರೆ ಹೊಟ್ಟೆಯಲ್ಲಿರುವ ಕೂಸೂ ಹೆದರುತ್ತದೆ ಅನ್ನುವುದು ಅವಳ ನಂಬಿಕೆ. ಅಂಥ ಮನೆಗೆ ನಾನು ಬೆನ್ನಿಗೆ ಚಾಕು ಹಾಕಿಸಿಕೊಂಡ ಹೆಣವನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದೆ.

ಬಚ್ಚಿಟ್ಟುಕೊಂಡೇ ಓದಿದೆ. ಹಿತ್ತಿಲ ಜಗಲಿಯ ಮೇಲೆ, ಡಿಕ್ಷನರಿಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಓದುವವಳ ಮುಖ ಮಾಡಿಕೊಂಡು. ಅಕ್ಕನ ಕಣ್ಣು ತಪ್ಪಿಸುವುದು ಸಾಧ್ಯವೇ?

"ಅದೇನಮ್ಮಿ, ಪಾಠ ಓದ್ತಾ ಓದ್ತಾ ಕಾಲ್ನ ಮೇಲಕ್ಕೆತ್ಕತಾ ಇದ್ದೀಯ?" ಅಂದಳು.

ನೋಡಿಕೊಂಡರೆ ನಿಜ. ಎರಡೂ ಕಾಲನ್ನು ನೆಲದಿಂದ ಎತ್ತಿ ಸೀರೆಯೊಳಗೆ ಮುದುರಿಕೊಂಡಿದ್ದೆ. ಜಗಲಿಯ ಕೆಳಗಿನಿಂದ ಯಾವುದೋ ಕೈ ಬಂದು ಹಿಡಿಯುತ್ತದೆ ಅನ್ನುವಂತೆ. ಸುಳ್ಳು ಹೇಳಲು ನೋಡಿದೆ, ಆಗಲಿಲ್ಲ. ಕೊಲೆ ಅಂದ ತಕ್ಷಣ ಅಕ್ಕನ ಕಣ್ಣು ಅರಳಿತು. ಅವಳು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ನನಗಿಂತ ಚುರುಕು. ಮದುವೆ ಮಾಡದಿದ್ದರೆ ಆ ಹಾಸ್ಟೆಲಿನ ಮಂಚ ಮೊದಲು ಅವಳದಾಗಬೇಕಿತ್ತು.

"ಹೇಳು," ಅಂದಳು.

"ಅವ್ವ ನನ್ನ ತೊಗಲು ಸುಲೀತಾಳೆ."

ಮಾತು ಅವ್ವನ ಕಿವಿಗೆ ಬಿತ್ತು. ಸೌಟು ಹಿಡಿದೇ ಬಂದಳು. "ಬಸುರಿ ಹೆಂಗ್ಸಿನ ಮುಂದೆ ಕೊಲೆ ಗಿಲೆ ಅಂದ್ಯೋ, ನಿನ್ ಕಾಲೇಜೂ ಬ್ಯಾಡ, ಮೈಸೂರೂ ಬ್ಯಾಡ. ನಾಳೀಕೇ ಗಂಡು ಉಡುಕ್ತೀನಿ," ಅಂದಳು.

ಅಕ್ಕ ನಿಧಾನವಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅವ್ವಾ, ನಂಗೆ ಬಯ್ಕೆ ಆಗದೆ," ಅಂದಳು.

ಅವ್ವ ಗಾಬರಿಯಿಂದ, "ಏನ್ ಬೇಕು? ಹುಣಸೇಕಾಯಾ?"

"ಕೊಲೆ ಕತೆ."

ಈಗಿನವರಿಗೆ ಇದರ ಭಾರ ತಿಳಿಯಲಿಕ್ಕಿಲ್ಲ. ಬಸುರಿಯ ಬಯಕೆಯನ್ನು ನಮ್ಮ ಕಡೆ ಯಾರೂ ಇಲ್ಲವೆನ್ನುವಂತಿರಲಿಲ್ಲ. ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಅನ್ನುತ್ತಿದ್ದರು. ಊರಲ್ಲಿ ಯಾವ ಮಗುವಿನ ಕಿವಿ ಸೋರಿದರೂ ಅದರ ಅಜ್ಜಿಯ ಜಿಪುಣತನದ ಕತೆ ಹೊರಗೆ ಬರುತ್ತಿತ್ತು. ಅವ್ವನಿಗೆ ಅತ್ತ ದರಿ ಇತ್ತ ಪುಲಿ. ಹೇಳಿಸಿದರೆ ಮಗಳು ಹೆದರುತ್ತಾಳೆ, ಹೇಳಿಸದಿದ್ದರೆ ಮೊಮ್ಮಗುವಿನ ಕಿವಿ. "ಬಯ್ಕೆ ಅಂದ್ರೆ ಬಾಯಿಗೆ ಆಗ್ಬೇಕು. ಕಿವೀಗೆ ಬಯ್ಕೆ ಆಯ್ತದಾ?" ಅಂತ ವಾದ ಹೂಡಿ ನೋಡಿದಳು. "ಅದ್ಕೇ ಕಿವಿ ಸೋರಾದು," ಅಂದಳು ಅಕ್ಕ. ನಾನು ನಗು ತಡೆಯಲು ಡಿಕ್ಷನರಿಯಲ್ಲಿ ಮುಖ ಮುಚ್ಚಿಕೊಂಡೆ.

ಕೊನೆಗೆ ಪಂಚಾಯ್ತಿ ಹೋದದ್ದು ಸೂಲಗಿತ್ತಿ ಅಜ್ಜಿಯ ಹತ್ತಿರ. ಅಕ್ಕನಿಗೆ ಹರಳೆಣ್ಣೆ ನೀವಲು ಬರುತ್ತಿದ್ದ ಮುದುಕಿ. ಊರಿನ ಅರ್ಧ ಜನ ಅವಳ ಕೈಮೇಲೆ ಹುಟ್ಟಿದವರು. ಎಲೆಅಡಿಕೆ ಅಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಬಯ್ಕೆ ಅಂದ್ಮೇಲೆ ಬಯ್ಕೇನೇ ಕಣವ್ವ. ಒಬ್ಳು ಒಲೆ ಬೂದಿ ಕೇಳುದ್ಲು, ಇನ್ನೊಬ್ಳು ಗ್ವಾಡೆ ಮಣ್ಣು ಕೇಳುದ್ಲು. ಇವ್ಳು ಕೊಲೆ ಕೇಳ್ತಾವ್ಳೆ. ಕೊಟ್ಬುಡಿ ಅತ್ಲಾಗೆ," ಅಂದಳು. ಆದರೆ ಕಟ್ಟುಪಾಡು ಹಾಕಿದಳು. ಬಿಸಿಲಿರುವಾಗ ಮಾತ್ರ ಹೇಳಬೇಕು. ಕೇಳುವವಳ ಮಡಿಲಲ್ಲಿ ಕಬ್ಬಿಣ ಇರಬೇಕು. ಹೊಟ್ಟೆಯೊಳಗಿನ ಕೂಸು ಜೋರಾಗಿ ಒದ್ದರೆ ಅಲ್ಲಿಗೆ ಆ ದಿನದ ಕತೆ ನಿಲ್ಲಬೇಕು.

ಹೀಗೆ ನಮ್ಮ ಹಿತ್ತಿಲ ಜಗಲಿಯಲ್ಲಿ ಮಧ್ಯಾಹ್ನ ಉಂಡ ಹೊತ್ತಿನಲ್ಲಿ ಇಂಗ್ಲೆಂಡಿನ ಕೊಲೆ ನಡೆಯತೊಡಗಿತು. ಅಕ್ಕ ಗೋಡೆಗೊರಗಿ ಕಾಲು ನೀಡಿ ಕೂರುತ್ತಿದ್ದಳು, ಮಡಿಲಲ್ಲಿ ಅಡಕತ್ತರಿ. ಅವ್ವ ತನಗೆ ಇದೊಂದೂ ಬೇಡ ಅನ್ನುವಂತೆ ಅತ್ತ ತಿರುಗಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಸುರಿದುಕೊಂಡು ಆರಿಸುತ್ತಿದ್ದಳು. ನಾನು ಬೆಳಿಗ್ಗೆ ಕಷ್ಟಪಟ್ಟು ಓದಿಕೊಂಡದ್ದನ್ನು ಮಧ್ಯಾಹ್ನ ಕನ್ನಡದಲ್ಲಿ ಹೇಳಬೇಕಿತ್ತು.

ಕಷ್ಟ ಇಂಗ್ಲಿಷಿನದಲ್ಲ, ಕೇಳುವವರದು. ಆ ಮನೆಯವರು ಹಲ್ಲುಜ್ಜದೆ ಹಾಸಿಗೆಯಲ್ಲೇ ಟೀ ಕುಡಿಯುತ್ತಾರೆ ಅಂದಾಗ ಅವ್ವ, "ಚಾಕು ಹಾಕ್ದಿದ್ರೂ ಸಾಯ್ತಿದ್ರು ಬುಡು," ಅಂದಳು. ಲಕೋಟೆ ಒಡೆಯುವುದಕ್ಕೆಂದೇ ಮೇಜಿನ ಮೇಲೆ ಒಂದು ಬೆಳ್ಳಿ ಹಿಡಿಯ ಚಾಕು ಇತ್ತು, ಅದರಿಂದಲೇ ಕೊಂದದ್ದು ಅಂದರೆ, ಬೆರಳಿಗೆ ಏನಾಗಿತ್ತಂತೆ ಅವನಿಗೆ ಅಂದಳು. ಇಷ್ಟೆಲ್ಲ ಸಹಿಸಿಕೊಂಡೆ. ಆದರೆ ಪತ್ತೇದಾರ ಬಂದ ದಿನ ಕತೆಯೇ ನಿಂತುಹೋಯಿತು. ಪತ್ತೇದಾರ ಅಂದರೆ ಪೊಲೀಸು ಕೆಲಸದಿಂದ ನಿವೃತ್ತನಾದ ದಪ್ಪ ಮುದುಕ. ಸದಾ ಬಾಯಲ್ಲೊಂದು ಪೆಪ್ಪರ್‌ಮೆಂಟು. ಅವನೂ ಮನೆಯವರೂ ರಾತ್ರಿ ಊಟಕ್ಕೆ ಕೂತರು ಅಂದೆ.

"ಹೆಣ ಎಲ್ಲದೆ ಈಗ?" ಅಕ್ಕ ಕೇಳಿದಳು.

"ಓದೋ ಕೋಣೇಲೆ. ದೊಡ್ಡ ಪೊಲೀಸ್ ಬರೋಗಂಟ ಮುಟ್ಟಂಗಿಲ್ಲ."

"ಹೆಣ ಮನೇಲಿಟ್ಕಂಡು ಉಂಡ್ರಾ?" ಅಂದಳು ಅಕ್ಕ.

ಅವ್ವ ಮೊರವನ್ನೇ ಕೆಳಗಿಟ್ಟಳು. "ಎಣ ಎತ್ತೋ ಮುಂಚೆ ತುತ್ತೆತ್ತಿದೋರು ಯಾರೋ ಅವ್ರೇ ಕೊಂದೋರು. ಇನ್ನೇನ್ ಪತ್ತೆ ಮಾಡಾದು?"

ಪತ್ತೇದಾರನೂ ಉಂಡಿದ್ದಾನೆ, ಮೇಲೆ ಎರಡು ತುಂಡು ಕೇಕು ಬೇರೆ ತಿಂದಿದ್ದಾನೆ ಅಂದೆ. ಹಾಗಾದರೆ ಅವನೂ ಕೂಡಿಕೊಂಡಿದ್ದಾನೆ ಅಂತ ಇಬ್ಬರೂ ತೀರ್ಮಾನ ಕೊಟ್ಟು ಎದ್ದುಬಿಟ್ಟರು. ಮಾರನೆಯ ದಿನ ನಾನೇ ಮುಂದೆ ನಿಂತು ಸತ್ತ ಮುದುಕನ ಮಣ್ಣು ಮಾಡಿಸಬೇಕಾಯಿತು. ಹಿಮ ಬೀಳುತ್ತಿದ್ದ ಆ ಊರಲ್ಲಿ ಎಲ್ಲರಿಗೂ ತಲೆಯ ಮೇಲೆ ನೀರು ಹುಯ್ಯಿಸಿ, ಸೂತಕ ಕಳೆದು, ಆಮೇಲೆ ಊಟಕ್ಕೆ ಕೂರಿಸಿದೆ. ಕತೆ ಮುಂದೆ ನಡೆಯಿತು.

ಅವರಿಬ್ಬರೂ ಹೀಗೆ ನಗುತ್ತಲೋ ಬೈಯುತ್ತಲೋ ಕೇಳಿದರು. ಹೆದರಿಕೆ ಪೂರಾ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಒಬ್ಬಳೇ ಓದುತ್ತಿದ್ದವಳು ನಾನು. ಆ ದೊಡ್ಡ ಮನೆಯಲ್ಲಿದ್ದವರು ಮುದುಕನ ಎರಡನೇ ಹೆಂಡತಿ, ಅಣ್ಣನ ಮಗ, ಡಾಕ್ಟರು, ಅಡುಗೆಯವಳು. ಎಲ್ಲರೂ ಒಳ್ಳೆಯವರೇ, ಮಾತು ಬೆಣ್ಣೆಯಂತೆ. ಅವರಲ್ಲೇ ಒಬ್ಬರು ಕೊಂದವರು. ಇದು ನನ್ನ ತಲೆಗೆ ಹೊಕ್ಕಿದ್ದೇ ಹೊಕ್ಕಿದ್ದು, ಕಂಡವರೆಲ್ಲರ ಕೈಯನ್ನು ನೋಡತೊಡಗಿದೆ. ಅಪ್ಪ ಕೊಟ್ಟಿಗೆಯಲ್ಲಿ ಕೂತು ಮಸೆಗಲ್ಲಿಗೆ ಕುಡುಗೋಲು ತಿಕ್ಕುತ್ತಿದ್ದರೆ ಹಲ್ಲು ಜುಮ್ಮೆನ್ನುತ್ತಿತ್ತು. ಬಾಣಂತಿ ಮದ್ದಿಗೆಂದು ಅವ್ವ ಬೇರು ಕುಟ್ಟುತ್ತಿದ್ದರೆ ಕತೆಯ ಡಾಕ್ಟರು ಕಲಸಿಕೊಡುತ್ತಿದ್ದ ಪುಡಿಗಳು ನೆನಪಾಗುತ್ತಿದ್ದವು. ಹಾಳು ಪುಸ್ತಕ ಅಂತ ಮುಚ್ಚಿಡುವುದು, ಮುಖ ತೊಳೆದು ಬಂದು ಮತ್ತೆ ತೆಗೆಯುವುದು. ಅಷ್ಟು ಸುಖವಾದ ರಜೆಯನ್ನು ನಾನು ಮತ್ತೆ ಕಂಡಿಲ್ಲ.

ಒಂದು ಮಧ್ಯಾಹ್ನ ಅವ್ವ ನಾಲೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನು ಕತೆ ಶುರು ಮಾಡುವ ಮೊದಲೇ ಅಕ್ಕ ಕೇಳಿದಳು: "ನಿಂಗೆ ಎದ್ರಿಕೆ ಆಯ್ತದಾ ಅಮ್ಮಿ?"

"ಆಯ್ತದೆ. ನಿಂಗೆ?"

"ನಂಗೂವೆ. ಆದ್ರೆ ಈ ಎದ್ರಿಕೆ ಚೆಂದಾಗದೆ ಕಣೆ. ಇದ್ರಲ್ಲಿ ಸಾಯೋಳು ನಾನಲ್ಲ."

ಅವಳು ಅಡಕತ್ತರಿಯನ್ನು ತೆರೆಯುವುದು ಮುಚ್ಚುವುದು ಮಾಡುತ್ತ, ಗಂಡನ ಮನೆಯಲ್ಲಿ ಆದದ್ದನ್ನು ಮೊದಲ ಸಲ ನನಗೆ ಹೇಳಿದಳು. ಅಲ್ಲಿಯ ಹೆಂಗಸರು ಮೊದಮೊದಲು ತಿಣುಕು, ತಡಕೋ, ಆಯ್ತು ಆಯ್ತು ಅಂತ ಕೂಗುತ್ತಿದ್ದರಂತೆ. ಆಮೇಲೆ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರಂತೆ. "ಎಲ್ಲಾರೂ ಸುಮ್ಕಾಗ್ಬುಟ್ರು ಕಣಮ್ಮಿ. ಆಗ ಗೊತ್ತಾಯ್ತು ನಂಗೆ, ಇವ್ರು ನನ್ ಕೈ ಬುಟ್ರು ಅಂತ. ನೋವ್ನ ತಡ್ಕಬೌದು. ಆ ಸದ್ದಿಲ್ದಿರಾದ್ನ ತಡಿಯಕಾಗಾಕಿಲ್ಲ. ಈ ಸಲ ನಾನು ಉಳಿಯಾಕಿಲ್ಲ ಅಂತ ಅನ್ಸ್ತದೆ." ಇಷ್ಟು ಹೇಳಿ, ಮುಖ ಒರೆಸಿಕೊಂಡು, "ಊ, ಹೇಳು. ಆ ಡಾಕ್ಟ್ರು ಏನಂದ?" ಅಂದಳು.

ನಾನು ಹೇಳಿದೆ. ಏನು ಹೇಳಿದೆನೋ ದೇವರೇ ಬಲ್ಲ. ಅವತ್ತಿನಿಂದ ಪುಸ್ತಕದ ಹೆದರಿಕೆ ಹಿಂದಾಯಿತು. ಅಕ್ಕನ ಮುಖವೇ ಕಣ್ಣಮುಂದೆ.

ಆಯುಧಪೂಜೆಯ ಹಿಂದಿನ ಸಂಜೆ ಮನೆಯ ಕಬ್ಬಿಣವೆಲ್ಲ ತೊಳೆದು ನಡುಮನೆಗೆ ಬಂತು. ನೇಗಿಲ ಗುಳ, ಗುದ್ದಲಿ, ಕೊಡಲಿ, ಮಚ್ಚು, ಕುಡುಗೋಲುಗಳು, ಈಳಿಗೆಮಣೆ, ಕೊನೆಗೆ ಅಕ್ಕನ ಮಡಿಲ ಅಡಕತ್ತರಿಯನ್ನೂ ಅವ್ವ ಈಸಿಕೊಂಡು ಹೋದಳು. ಬೆಳಗಿನ ಜಾವ ಎದ್ದು ಪೂಜೆ ಮಾಡಿ ಎಲ್ಲಕ್ಕೂ ಕುಂಕುಮ ಹಚ್ಚಿದರು. ಹೊತ್ತು ಮೂಡಿದಾಗ ನಾನು ಕಣ್ಣುಜ್ಜಿಕೊಂಡು ನಡುಮನೆಗೆ ಬಂದರೆ, ಅಲಗುಗಳೆಲ್ಲ ಸಾಲಾಗಿ ಕೆಂಪಗೆ ಮಲಗಿದ್ದವು. ಹುಟ್ಟಿದಾಗಿನಿಂದ ಕಂಡ ಪೂಜೆ. ಆ ವರ್ಷ ಮಾತ್ರ ಕಾಲು ಮುಂದಕ್ಕೆ ಬರಲಿಲ್ಲ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅಕ್ಕ, "ಅವ್ವಾ," ಅಂದಳು. ಅವ್ವನ ಕೈಯಲ್ಲಿದ್ದ ಆರತಿ ತಟ್ಟೆ ಕೆಳಕ್ಕೆ ಬಿತ್ತು.

ಲೆಕ್ಕದಂತೆ ಇನ್ನೂ ದಿನ ಇತ್ತು. ಈ ಸಲವೂ ಮುಂಚೆಯೇ.

ಅವ್ವ ಗೋಡೆ ಹಿಡಿದುಕೊಂಡು, "ಕಬ್ಬುಣ ತಗದ್ನಲ್ಲಾ, ಮಡ್ಲಿಂದ ನಾನೇ ತಗದ್ನಲ್ಲಾ," ಅಂತ ಒಂದೇ ಮಾತು ಹೇಳತೊಡಗಿದಳು. ಪಟ್ಟಣದಿಂದ ನರ್ಸಮ್ಮನನ್ನು ಕರೆತರಬೇಕು. ಬಸ್ಸುಗಳು ಪೂಜೆಗೆ ನಿಂತಿವೆ. ಇರುವುದು ನಮ್ಮ ಗಾಡಿ. ಅದಕ್ಕೂ ಅಪ್ಪ ಆಗಷ್ಟೇ ಪೂಜೆ ಮಾಡಿ, ನೊಗಕ್ಕೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಮುಂದೆ ಬೂದುಗುಂಬಳ ಒಡೆದಿದ್ದ. ಪೂಜೆಗೆ ಇಟ್ಟದ್ದನ್ನು ಆ ದಿನ ದುಡಿಸಬಾರದು. ದುಡಿಸಿದರೆ ಮನೆಗೆ ಕೇಡು ಅನ್ನುವವನೇ ಅಪ್ಪ. ಗಾಡಿಯ ಮುಂದೆ ಒಂದು ಗಳಿಗೆ ನಿಂತ. ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಹಾರವನ್ನು ಕಿತ್ತು ಬೇಲಿಯ ಮೇಲೆ ಎಸೆದು ಎತ್ತು ಹೂಡಿದ. ಅಪ್ಪನಿಗೂ ಹೆದರಿಕೆಯಾಗುತ್ತದೆ ಅಂತ ನಾನು ಕಂಡದ್ದು ಅವತ್ತು.

ಸೂಲಗಿತ್ತಿ ಅಜ್ಜಿ ಬಂದಳು. ಕೋಣೆಯೊಳಗೆ ಹೋದವಳೇ ಹೊರಗೆ ಬಂದು, ಹೊಕ್ಕುಳಬಳ್ಳಿ ಕುಯ್ಯಲು ಹೊಸ ಬ್ಲೇಡು ಬೇಕು ಅಂದಳು. ಮನೆಯಲ್ಲಿ ಇರಲಿಲ್ಲ, ಅಂಗಡಿಯವನು ಬಾಗಿಲು ಹಾಕಿಕೊಂಡು ಹಬ್ಬಕ್ಕೆ ಹೋಗಿದ್ದ. ಅಜ್ಜಿ ನೇರ ನಡುಮನೆಗೆ ನಡೆದು, ಸಾಲಿನಲ್ಲಿದ್ದ ಒಂದು ಸಣ್ಣ ಚಾಕುವನ್ನು ಎತ್ತಿ ನನ್ನ ಕೈಗಿಟ್ಟು, "ತೊಳ್ದು ಕುದ್ಯೋ ನೀರ್ಗಾಕು ಕೂಸೇ," ಅಂದಳು. ಬಚ್ಚಲಲ್ಲಿ ಕೂತು ತೊಳೆದೆ. ಕುಂಕುಮದ ನೀರು ಕೆಂಪಗೆ ನನ್ನ ಬೆರಳ ಸಂದಿಯಿಂದ ಹರಿದು ಮೋರಿಗೆ ಹೋಯಿತು. ಎದ್ದು ನಿಂತದ್ದು ಹೇಗೆ ಅನ್ನುವುದು ನೆನಪಿಲ್ಲ.

ಮದುವೆಯಾಗದ ಹುಡುಗಿ ಹೆರಿಗೆಯ ಕೋಣೆಯೊಳಗೆ ಹೋಗುವಂತಿರಲಿಲ್ಲ. ಬಾಗಿಲ ಹೊರಗೆ ನಿಂತೆ. ಬೇಕೆಂದಾಗ ಹಂಡೆಯಿಂದ ನೀರು ತಂದು ಹೊಸ್ತಿಲ ಮೇಲಿಡುವುದಷ್ಟೇ ನನ್ನ ಕೆಲಸ. ಬಾಗಿಲು ಒಂದು ಚೂರು ತೆರೆದು, ಅವ್ವನ ಕೈ ಬಂದು ಪಾತ್ರೆ ಎಳೆದುಕೊಂಡು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಅಕ್ಕನ ಕೂಗು. ಬಿಸಿಲು ಅಂಗಳಕ್ಕೆ ಬಂತು, ಅಪ್ಪ ಬರಲಿಲ್ಲ. ಅಕ್ಕನ ಕೂಗು ಸೋತು ನರಳಾಟವಾಯಿತು. ಅವ್ವನ ಮಾತೂ ಅಜ್ಜಿಯ ಮಾತೂ ಕಡಿಮೆಯಾಗುತ್ತ ಬಂದವು. ಕೊನೆಗೆ ಯಾರದೂ ಸದ್ದಿಲ್ಲ. ಅಕ್ಕ ನನಗೆ ಹೇಳಿದ್ದ ಆ ಸದ್ದಿಲ್ಲದಿರುವಿಕೆ ಇದೇ ಅಂತ ನನಗೆ ತಿಳಿಯಿತು. ಬಾಗಿಲು ಬಡಿದೆ.

"ಅಕ್ಕಾ! ಕತೆ ಹೇಳ್ಲಾ?"

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಬಾಯಿಗೆ ಬಂದದ್ದು ಅದೇ. ಒಳಗಿನಿಂದ ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅಕ್ಕನ ದನಿ ಬಂತು, ನೀರೊಳಗಿನಿಂದ ಬಂದಂತೆ. "ಹೇಳು."

ಓಡಿಹೋಗಿ ಪುಸ್ತಕ ತಂದೆ. ಉಳಿದಿದ್ದದ್ದು ಕೊನೆಯ ಭಾಗ. ನಾನೂ ಓದಿರಲಿಲ್ಲ. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು ಕೂಗಿ ಹೇಳತೊಡಗಿದೆ. ಪೆಪ್ಪರ್‌ಮೆಂಟಿನ ಮುದುಕ ಎಲ್ಲರನ್ನೂ ಒಂದೇ ಕೋಣೆಗೆ ಕರೆದ. ಎರಡನೇ ಹೆಂಡತಿ ಕಿಟಕಿಯ ಪಕ್ಕ ಕೂತಳು. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ಯಾರಿಗೆ ಬೇಕು, ಹಾರಿಸಿಕೊಂಡು ಹೋದೆ. ಒಳಗೆ ಅಕ್ಕ ಕಿರುಚಿದಳು. ನಾನು ನಿಲ್ಲಿಸಿದೆ. "ಮುಂದ್ಕೇಳು ಕೂಸೇ!" ಅಂತ ಸೂಲಗಿತ್ತಿ ಗದರಿದಳು. ಮುಂದಕ್ಕೆ ಹೇಳಿದೆ. ಅಂಗಳದಲ್ಲಿ ನೆರೆಹೊರೆಯ ಹೆಂಗಸರು ಬಂದು ನಿಂತಿದ್ದರು. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದದ್ದು ಹೇಗೆ ಅಂತ ಪತ್ತೇದಾರ ಬಿಡಿಸಿ ಹೇಳುತ್ತಿದ್ದ. ಅಷ್ಟರಲ್ಲಿ ಮಗು ಅತ್ತಿತು.

ಅತ್ತಿತು! ಅಂಗಳದ ಹೆಂಗಸರು ಹೋ ಅಂದರು. "ಹೆಣ್ ಕೂಸು," ಅಂದಳು ಅವ್ವ, ಅಳುತ್ತ ನಗುತ್ತ. ಆ ನಗು ಅರ್ಧಕ್ಕೇ ನಿಂತಿತು. ಒಳಗೆ ಪಾತ್ರೆ ಉರುಳಿದ ಸದ್ದು. ಸೂಲಗಿತ್ತಿ ಬೇರೆಯೇ ದನಿಯಲ್ಲಿ, "ಬಟ್ಟೆ ಕೊಡವ್ವ, ಇನ್ನೂ ಕೊಡು, ಜಲ್ದಿ," ಅಂದಳು. ಬಾಗಿಲು ಚೂರು ತೆರೆಯಿತು. ಈಚೆ ಬಂದ ಅವ್ವನ ಕೈ ಮೊಣಕೈವರೆಗೂ ಕೆಂಪಗಿತ್ತು. ಇದು ಕುಂಕುಮವಲ್ಲ.

"ಎಚ್ರ ತಪ್ತಾವ್ಳೆ," ಅಜ್ಜಿ ಕೂಗಿದಳು. "ಕಣ್ ಮುಚ್ಚಕೆ ಬುಡ್ಬ್ಯಾಡಿ. ಕಣ್ ಮುಚ್ಚುದ್ರೆ ಕೆಟ್ವಿ. ಏ ಕೂಸೇ, ಯಾಕ್ ನಿಲ್ಸ್ದೆ? ಹೇಳು!"

ಪುಟ ತಿರುಗಿಸಿದೆ. ಪುಸ್ತಕ ಕೈಜಾರಿ ಬಿತ್ತು, ಎತ್ತಿಕೊಂಡೆ. ಅಣ್ಣನ ಮಗನೇ ಕೊಂದವನು. "ಅಕ್ಕಾ, ಅಣ್ಣನ್ ಮಗ ಕಣೇ! ಅವ್ನೇ ಕಣೇ ಚಾಕು ಹಾಕಿದ್ದು!" ಅಂತ ಕಿರುಚಿದೆ. ಇನ್ನು ಕೆಲವೇ ಸಾಲು. ಅವನನ್ನು ಹಿಡಿದರು, ಹಿಮ ನಿಂತಿತು, ಪತ್ತೇದಾರ ಕೋಟು ಹಾಕಿಕೊಂಡು ಹೊರಟ. ಪುಸ್ತಕ ಮುಗಿದುಹೋಯಿತು.

"ಆಮೇಲೆ?" ಅವ್ವ ಒಳಗಿನಿಂದ ಅರಚಿದಳು. "ಆಮೇಲೇನಾಯ್ತು ಹೇಳಮ್ಮಿ! ಕಣ್ ಮುಚ್ಕತಾವ್ಳೆ!"

ಆಮೇಲೆ ಏನಿದೆ? ಖಾಲಿ ಹಾಳೆ. ನಾನು ಪುಸ್ತಕವನ್ನು ಬಿಸಾಡಿ ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಕೊಲೆ ಮುಗಿದಿಲ್ಲ ಅಂದೆ. ಮಾರನೆಯ ದಿನ ಅಡುಗೆಯವಳ ಹೆಣ ಹಿತ್ತಿಲ ಬಾವಿಯಲ್ಲಿ ತೇಲಿತು ಅಂದೆ. ಯಾರು ತಳ್ಳಿದರು ಅಂತ ನೋಡಿದರೆ ಡಾಕ್ಟರು ಆಲೆಮನೆಯ ಕೊಪ್ಪರಿಗೆಯಲ್ಲಿ ಬಿದ್ದು ಬೆಂದುಹೋಗಿದ್ದಾನೆ ಅಂದೆ. ಇಂಗ್ಲೆಂಡಿನಲ್ಲಿ ಆಲೆಮನೆ ಉಂಟೋ ಇಲ್ಲವೋ ಯಾವಳಿಗೆ ಗೊತ್ತು. ಎರಡನೇ ಹೆಂಡತಿಗೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿಸಿದೆ. ಜೈಲಿಗೆ ಹೊರಟ ಅಣ್ಣನ ಮಗನನ್ನು ಸಾಗರಕಟ್ಟೆ ಸೇತುವೆಯಿಂದ ನೀರಿಗೆ ಕೆಡವಿದೆ. ಒಬ್ಬೊಬ್ಬರು ಸತ್ತಾಗಲೂ, "ಅಕ್ಕಾ, ಇವ್ರುನ್ನ ಕೊಂದೋರ್ ಯಾರೇಳು? ಹೇಳೇ!" ಅಂತ ಬಾಗಿಲು ಗುದ್ದಿದೆ. ಉತ್ತರವಿಲ್ಲ. ನಿಲ್ಲಿಸಿದರೆ ಅಕ್ಕ ಹೋಗುತ್ತಾಳೆ ಅನ್ನುವುದೊಂದೇ ನನಗೆ ಗೊತ್ತಿದ್ದದ್ದು. ಅಳುತ್ತ ಅಳುತ್ತ ಪತ್ತೇದಾರನ ಗಂಟಲಿಗೂ ಪೆಪ್ಪರ್‌ಮೆಂಟು ಸಿಕ್ಕಿಸಿ ಸಾಯಿಸಿದೆ.

ಆ ಮನೆಯಲ್ಲಿ ಇನ್ನು ಉಳಿದಿದ್ದವಳು ಒಲೆ ಹಚ್ಚುವ ಕೆಲಸದ ಹುಡುಗಿಯೊಬ್ಬಳೇ. ಪುಸ್ತಕದಲ್ಲಿ ಅವಳಿಗೆ ಎರಡು ಸಾಲೂ ಸಿಕ್ಕಿರಲಿಲ್ಲ. ಬೇರೆ ಯಾರೂ ಇರಲಿಲ್ಲ, ಏನು ಮಾಡಲಿ. "ಆ ಹುಡುಗಿ ಬೆಳಿಗ್ಗೆ ಎದ್ದು ಒಬ್ಳೇ ಸೌದೆ ತರಕೆ ಕೊಟ್ಟಿಗೇಗೆ ಹೋದ್ಲು," ಅಂದೆ. "ಕತ್ಲು. ಯಾರೋ ಬಾಗ್ಲ ಹಿಂದೆ ನಿಂತಿದ್ರು..."

"ಸಾಕು ಕಣಮ್ಮಿ."

ಒಳಗಿನಿಂದ ಬಂದ ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಉಸಿರು ಹಿಡಿದು ಕಿವಿಯನ್ನು ಬಾಗಿಲಿಗೆ ಒತ್ತಿದೆ.

"ಸಾಕು," ಅಂದಳು ಅಕ್ಕ ಮತ್ತೊಮ್ಮೆ. "ಅವ್ಳ್ನಾದ್ರೂ ಬದುಕ್ಸು."

ಸೂಲಗಿತ್ತಿ ಅಜ್ಜಿ ಗಟ್ಟಿಯಾಗಿ ನಕ್ಕಳು. "ನಿಲ್ತು ಬುಡವ್ವ, ರಕ್ತ ನಿಲ್ತು," ಅಂದಳು. ಅವ್ವ ಹೋ ಅಂತ ಅಳುವುದು ಕೇಳಿಸಿತು.

ಆ ಹುಡುಗಿ ಸೌದೆ ತಗೊಂಡು ವಾಪಸ್ಸು ಬಂದಳು ಅಂತ ಹೇಳಿದೆ. ಒಲೆ ಹಚ್ಚಿದಳು, ನೀರು ಕಾಯಿಸಿದಳು, ಏನೂ ಆಗಲಿಲ್ಲ, ಏನೂ ಆಗಲಿಲ್ಲ ಅಕ್ಕ ಅಂತ, ಬಾಗಿಲಿಗೆ ಹಣೆಯೊತ್ತಿಕೊಂಡು, ದನಿ ಪೂರಾ ಹೋಗುವವರೆಗೆ ಹೇಳುತ್ತಲೇ ಇದ್ದೆ.